ತಾಯಿಯ ಪಾತ್ರಕ್ಕೆ

ಫೆಬ್ರವರಿ 6

ಗೌರವಾನ್ವಿತ ಹಿರಿಯ ಕಲಾವಿದರಿಗೆ,

ನಮ್ಮ ರೇಡಿಯೋ ಕೇಂದ್ರದ ನಾಟಕ ವಿಭಾಗವು ತಾಯಿ ಮತ್ತು ಮಗಳ ನಡುವಿನ ಬಿಗಡಾಯಿಸಿದ ಸಂಬಂಧವನ್ನು ಕುರಿತ ಧಾರಾವಾಹಿ ನಾಟಕವೊಂದನ್ನು ಸಿದ್ಧಪಡಿಸುತ್ತಿದೆ. ತಾಯಿಯ ಪಾತ್ರವನ್ನು ತಾವು ನಿರ್ವಹಿಸಬೇಕೆಂಬುದು ವಿಭಾಗದ ಅಪೇಕ್ಷೆ. ನಾಟಕದ ಪ್ರತಿಯನ್ನು ಲಗತ್ತಿಸಿದೆ. ತಮ್ಮ ಒಪ್ಪಿಗೆಯನ್ನು ಆದಷ್ಟು ಬೇಗ ತಿಳಿಸಬೇಕಾಗಿ ಕೋರಿಕೆ.

ತಮ್ಮ ವಿಶ್ವಾಸಿ,
ಸಹಾಯಕ ನಿರ್ಮಾಪಕಿ, ನಾಟಕ ವಿಭಾಗ

ಅಮ್ಮ, ಮೇಲಿನದು ಕಚೇರಿಯಲ್ಲಿ ಟೈಪ್ ಮಾಡಿಸಿದ್ದು. ಇದು ನನ್ನ ಕೈಬರಹ. ನಾಟಕ ಬರೆದವಳು ನಾನು. ನಿನ್ನನ್ನು ಕರೆಯಬೇಕು ಅಂದವಳು ಮಾತ್ರ ನಾನಲ್ಲ, ನಮ್ಮ ಮುಖ್ಯಸ್ಥರು. "ಇಷ್ಟು ವರ್ಷ ಇಲ್ಲಿ ಎಲ್ಲ ನಾಟಕಕ್ಕೂ ತಾಯಿ ಆಗಿದ್ದವರನ್ನ ಬಿಟ್ಟು ಇನ್ಯಾರನ್ನ ಹುಡುಕ್ತೀಯಮ್ಮ?" ಅಂದರು. ನೀನು ನನ್ನ ತಾಯಿ ಅಂತ ಅವರಿಗೆ ಗೊತ್ತು. ನಾವಿಬ್ಬರೂ ಮಾತಾಡಿ ಎರಡು ವರ್ಷ ಆಯಿತು ಅಂತ ಗೊತ್ತಿಲ್ಲ. ಬೇಡ ಅನ್ನಿಸಿದರೆ ಬೇಡ ಅಂತ ಒಂದು ಸಾಲು ಬರೆದು ಹಾಕು. ಫೋನ್ ಮಾಡಬೇಡ. ಫೋನಿನಲ್ಲಿ ನನಗೆ ಒಂದು ಮಾತು ತಡೆದರೆ ಉಳಿದದ್ದನ್ನು ನೀನೇ ಮುಗಿಸಿಬಿಡುತ್ತೀಯ. ಕಾಗದದಲ್ಲಿ ಆ ಕೆಲಸ ನಡೆಯುವುದಿಲ್ಲ.

ಫೆಬ್ರವರಿ 17

ಮಾನ್ಯ ಸಹಾಯಕ ನಿರ್ಮಾಪಕಿಯವರಿಗೆ,

ತಮ್ಮ ಪತ್ರ ತಲುಪಿತು. ನಾಟಕ ಓದಿದೆ. ಕೇಳದೇ ಇದ್ದರೂ ಅಭಿಪ್ರಾಯ ಹೇಳುತ್ತೇನೆ, ಹಿರಿಯ ಕಲಾವಿದೆ ಅಂತ ನೀವೇ ಬರೆದಿದ್ದೀರಲ್ಲ.

ಈ ತಾಯಿ ಪುಟ ತಿರುಗಿಸಿದರೆ ಸಾಕು, ಬಾಗಿಲು ಬಡಿಯುತ್ತಾಳೆ. ನಮ್ಮ ಮನೆಯಲ್ಲಿ ಅಡುಗೆಮನೆಗೂ ನಡುಮನೆಗೂ ಮಧ್ಯೆ ಇದ್ದದ್ದು ಪರದೆ. ನಾನು ಬಡಿಯಬೇಕು ಅಂದರೂ ಬಡಿಯುವುದು ಏನನ್ನು? "ಅದು ನಿನ್ನ ಕಥೆಯಲ್ಲ, ನಾಟಕ" ಅನ್ನಬೇಡ. ಮೂರನೇ ಕಂತಿನಲ್ಲಿ ಆ ತಾಯಿ ಮಗಳ ತಲೆ ಬಾಚುತ್ತಾ ಸಂಭಾಷಣೆ ಬಾಯಿಪಾಠ ಮಾಡುತ್ತಾಳೆ, ಸಿಕ್ಕು ಬಂದ ಕಡೆ ದನಿ ಏರಿಸುತ್ತಾಳೆ. ಅದನ್ನು ಊಹೆ ಮಾಡಿ ಬರೆಯಲು ಯಾರಿಂದಲೂ ಆಗುವುದಿಲ್ಲ.

ಇಷ್ಟಾದರೂ ಬರೆದಿರುವುದು ಚೆನ್ನಾಗಿದೆ. ಅದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆಯುರಿ ಏನಿಲ್ಲ.

ಬರುತ್ತೇನೆ. ಒಂದೇ ಷರತ್ತು. ನಾಲ್ಕನೇ ಕಂತಿನ ಆ ಸಭಾಂಗಣದ ಗಲಾಟೆಯನ್ನು ತೆಗೆಯಬೇಕು. ಆವತ್ತು ನಾನು ನಿನ್ನ ಮಾನ ಉಳಿಸಿದೆ. ಅದನ್ನು ನೀನು ಊರ ಮುಂದೆ ನನ್ನ ಮಾನ ಕಳೆಯಲು ಇಟ್ಟುಕೊಂಡಿದ್ದೀಯ.

ಇತಿ,
ಅಮ್ಮ

ಮಾರ್ಚ್ 1

ಅಮ್ಮ,

ನೀನು ಅದನ್ನು ಗಲಾಟೆ ಅಂತ ಬರೆದಿದ್ದೀಯ. ಗಲಾಟೆ ಏನೂ ಆಗಲಿಲ್ಲ. ಆಗಿದ್ದನ್ನು ನಾನು ಹೇಳುತ್ತೇನೆ, ಒಂದು ಸಲವಾದರೂ ಪೂರ್ತಿ ಕೇಳು.

ನಾನು ಹತ್ತನೇ ತರಗತಿ. ಶಾಲೆಯ ನಾಟಕ. ನನಗಿದ್ದದ್ದು ಒಂದೇ ಸಾಲು. ಕಾವಲುಗಾರ ಓಡಿ ಬಂದು "ಅರಸರೇ, ಹಡಗು ಬರುತ್ತಿದೆ!" ಅನ್ನಬೇಕು. ಉಗ್ಗುವ ಹುಡುಗಿಗೆ ಯಾಕೆ ಮಾತು ಕೊಡುತ್ತೀರಿ ಅಂತ ಬೇರೆ ಟೀಚರುಗಳು ಕೇಳಿದರೂ ನಮ್ಮ ಟೀಚರ್ ಬಿಡಲಿಲ್ಲ. ನಾನು ಸ್ನಾನದ ಮನೆಯಲ್ಲಿ, ಮೆಟ್ಟಿಲ ಮೇಲೆ, ಶಾಲೆಯ ದಾರಿಯಲ್ಲಿ ಅದನ್ನೇ ಹೇಳಿಕೊಂಡೆ. ವೇದಿಕೆಗೆ ಓಡಿ ಬಂದೆ. ಮೊದಲ ಅಕ್ಷರದಲ್ಲೇ ತಡೆಯಿತು. ಅರಸನ ವೇಷದ ಹುಡುಗಿ ಕಾಯುತ್ತಿದ್ದಳು. ಟೀಚರ್ ಪರದೆಯ ಸಂದಿಯಿಂದ ನೋಡುತ್ತಾ ಕಾಯುತ್ತಿದ್ದರು. ನನಗೆ ಹೆದರಿಕೆ ಆಗಿರಲಿಲ್ಲ ಅಮ್ಮ. ನನ್ನ ಮಾತು ಹೊರಟಿತ್ತು, ದಾರಿಯಲ್ಲಿತ್ತು.

ಮೊದಲ ಸಾಲಿನಲ್ಲಿ ಕೂತಿದ್ದ ನೀನು ಕೂತಲ್ಲಿಂದಲೇ ನನ್ನ ಮಾತು ಹೇಳಿಬಿಟ್ಟೆ. ರೇಡಿಯೋದ ಆ ದನಿಯಲ್ಲಿ. ಜನ ಗುರುತು ಹಿಡಿದರು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ನೀನು ಎದ್ದು ಹಿಂದಕ್ಕೆ ತಿರುಗಿ, ತಲೆ ಬಾಗಿಸಿ ನಕ್ಕೆ.

ನೀನು ಉಳಿಸಿದ್ದು ಯಾರ ಮಾನ?

ಆ ದೃಶ್ಯ ತೆಗೆಯುವುದಿಲ್ಲ. ಅದಕ್ಕೋಸ್ಕರವೇ ನಾಟಕ ಬರೆದದ್ದು. ಉಳಿದ ಕಂತುಗಳೆಲ್ಲ ಅಲ್ಲಿಗೆ ಹೋಗುವ ದಾರಿ, ಅಷ್ಟೇ.

ಮಗಳು

ಮಾರ್ಚ್ 28

ಮಗಳಿಗೆ,

ಬರುತ್ತೇನೆ ಅಂತ ನಿಮ್ಮ ಮುಖ್ಯಸ್ಥರಿಗೆ ತಿಳಿಸಿದ್ದೇನೆ. ದೃಶ್ಯ ಇರಲಿ. ಯಾಕೆ ಮನಸ್ಸು ಬದಲಾಯಿಸಿದೆ ಅಂತ ಕೇಳಬೇಡ, ನನಗೂ ಸರಿಯಾಗಿ ಗೊತ್ತಿಲ್ಲ. ಬೇರೆ ಯಾವಳೋ ನಾನಾಗಿ ಮಾತಾಡುವುದನ್ನು ಕೇಳುತ್ತಾ ಕೂರುವುದು ನನ್ನಿಂದ ಆಗಲಿಕ್ಕಿಲ್ಲ.

ನಿನ್ನ ಮನೆಯಲ್ಲಿ ಉಳಿಯುವುದಿಲ್ಲ. ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೊರಡುತ್ತೇನೆ.

ಅಮ್ಮ

ಏಪ್ರಿಲ್ 22

ಅಮ್ಮ,

ಮೂರು ಕಂತು ಮುಗಿದವು. ನೀನು ಚೆನ್ನಾಗಿ ಮಾಡಿದೆ. ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ಸೌಂಡ್ ಎಂಜಿನಿಯರ್ ಅಂತೂ "ಅಮ್ಮಾವ್ರು ಉಸಿರು ತಗೊಂಡ್ರೂ ಸಂಭಾಷಣೆ ಥರ ಕೇಳ್ಸುತ್ತೆ" ಅನ್ನುತ್ತಾರೆ.

ಆದರೆ ಆ ಹುಡುಗಿಯನ್ನು ಅವಳ ಪಾಡಿಗೆ ಬಿಡು. ಮಗಳ ಪಾತ್ರ ಅವಳದು, ಅದಕ್ಕೆ ನಿರ್ದೇಶಕಿ ನಾನು. ಅವಳು ಉಗ್ಗುವ ಪ್ರತಿ ಕಡೆಯೂ ನೀನು ಮಧ್ಯೆ ಬಾಯಿ ಹಾಕಿದೆ. ಗಾಜಿನ ಈಚೆ ಕೂತು ನೋಡುತ್ತಿದ್ದೆ. ಟೇಕ್ ನಿಲ್ಲಿಸಿದರೆ "ಅಯ್ಯೋ, ಗೊತ್ತಾಗ್ಲಿಲ್ಲ, ಬಾಯಿಗೆ ಬಂದ್ಬಿಡ್ತು" ಅಂದೆ. ಅವಳು ನಕ್ಕಳು. ನಾನು ನೀರಿನ ಲೋಟ ಕೆಳಗಿಟ್ಟು ಮತ್ತೆ ಟೇಕ್ ಶುರು ಮಾಡಿಸಿದೆ.

ಇನ್ನೊಂದು ಮಾತು. ಎರಡನೇ ಕಂತಿನಲ್ಲಿ ಜ್ವರ ಬಂದ ಮಗುವಿಗೆ "ನಾನಿದ್ದೀನಲ್ಲ ಕಂದ" ಅನ್ನುವ ಸಾಲು ಹೇಳಿದೆಯಲ್ಲ, ಹೊರಗೆ ಕಾಯುತ್ತಿದ್ದ ಕಲಾವಿದರು ಕಣ್ಣೊರೆಸಿಕೊಂಡರು. ನಾನು ಚಿಕ್ಕವಳಿದ್ದಾಗ ಅಡುಗೆಮನೆಯ ಕಪಾಟಿನ ಮೇಲಿದ್ದ ರೇಡಿಯೋದಿಂದ ಇಂಥ ಸಾಲು ಎಷ್ಟೋ ಕೇಳಿದ್ದೇನೆ. ಯಾರ್ಯಾರದೋ ಮಕ್ಕಳಿಗೆ. ನೀನು ಮನೆಗೆ ಬಂದಮೇಲೆ ನನಗೆ ಸಿಗುತ್ತಿದ್ದದ್ದು "ತಟ್ಟೆ ತೊಳೆದೆಯಾ?" ರೇಡಿಯೋ ಒಡೆದರೆ ಒಳಗಿಂದ ಆ ಇನ್ನೊಬ್ಬ ಅಮ್ಮ ಸಿಗಬಹುದು ಅಂತ ಒಂದು ಸಲ ಅದರ ಹಿಂದಿನ ತಿರುಪು ಬಿಚ್ಚಿದ್ದೆ. ನಿನ್ನ ಕೈಲಿ ಏಟು ತಿಂದದ್ದು ನೆನಪಿದೆ, ಯಾಕೆ ಬಿಚ್ಚಿದೆ ಅಂತ ನೀನು ಕೇಳಿದ್ದು ನೆನಪಿಲ್ಲ.

ಮುಂದಿನ ರೆಕಾರ್ಡಿಂಗ್ ಮೇ ಕೊನೆಗೆ.

ಮಗಳು

ಮೇ 3

ಮಗಳಿಗೆ,

ಕೇಳಿದ್ದೆ. ಯಾಕೆ ಬಿಚ್ಚಿದೆ ಅಂತ ಕೇಳಿದ್ದೆ. ನಿನಗೆ ಉತ್ತರ ಹೊರಡಲಿಲ್ಲ. ಮೊಂಡುತನ ಅಂದುಕೊಂಡೆ. ಹೇಳಲು ಆಗದೇ ಇರುವುದಕ್ಕೂ ಹೇಳದೇ ಇರುವುದಕ್ಕೂ ಇರುವ ವ್ಯತ್ಯಾಸ ಹೊರಗೆ ನಿಂತವರಿಗೆ ಕಾಣಿಸುವುದಿಲ್ಲ.

ಮೈಕಿನ ಮುಂದೆ ನನ್ನ ಕೈಯಲ್ಲಿ ಕಾಗದ ಇರುತ್ತಿತ್ತು. "ನಾನಿದ್ದೀನಲ್ಲ ಕಂದ" ಅಂತ ಯಾರೋ ಬರೆದುಕೊಡುತ್ತಿದ್ದರು. ಮನೆಯಲ್ಲಿ ಬರೆದುಕೊಡುವವರು ಯಾರಿದ್ದರು? ನಮ್ಮಮ್ಮ ನನಗೆ ಅಂಥ ಮಾತು ಆಡಿದವಳಲ್ಲ. ಕೇಳದ ಮಾತು ನಾಲಿಗೆಗೆ ತಾನಾಗಿ ಬರುವುದಿಲ್ಲ. ಇದು ನೆಪ ಅಂತ ನಿನಗೆ ಅನ್ನಿಸಿದರೆ ನೆಪ ಅಂತಲೇ ಇಟ್ಟುಕೊ.

ಇನ್ನು ಆ ಹುಡುಗಿ. ಒಳ್ಳೆಯ ಕಲಾವಿದೆ, ಕಷ್ಟಪಡುತ್ತಾಳೆ. ಆದರೆ ಅವಳ ಉಗ್ಗು ಸುಳ್ಳು. ಒಂದೇ ಅಕ್ಷರವನ್ನು ಮೂರು ನಾಲ್ಕು ಸಲ ತಿರುವಿ ಹಾಕುತ್ತಾಳೆ. ನೀನು ಯಾವತ್ತೂ ಹಾಗೆ ಮಾಡಿದವಳಲ್ಲ. ನಿನಗೆ ಬಾಯಿ ತೆರೆದಿರುತ್ತಿತ್ತು, ಸದ್ದು ಇರುತ್ತಿರಲಿಲ್ಲ. ಕತ್ತಿನ ಎಡಗಡೆ ನರ ಏಳುತ್ತಿತ್ತು. ಎಡಗೈ ಬೆರಳು ಬಟ್ಟೆಯ ಅಂಚು ಹುಡುಕುತ್ತಿತ್ತು. ಆಮೇಲೆ ಪದ ಒಮ್ಮೆಲೇ, ಸ್ವಲ್ಪ ಜೋರಾಗಿ ಬೀಳುತ್ತಿತ್ತು, ಕೈ ಜಾರಿದ ಪಾತ್ರೆಯ ಹಾಗೆ. 'ಅ'ದಿಂದ ಶುರುವಾಗುವ ಮಾತು ಎಲ್ಲಕ್ಕಿಂತ ಕಷ್ಟ. 'ಅಮ್ಮ' ಅನ್ನುವುದು ತಡೆದು ನೀನು ಎಷ್ಟೋ ವರ್ಷ ನನ್ನನ್ನು 'ಮ್ಮ' ಅಂತಿದ್ದೆ.

ಅವಳು ಉಗ್ಗಿದಾಗ ನಾನು ಬಾಯಿ ಹಾಕಿದ್ದು ಹಳೆ ಚಾಳಿಯೇ ಇರಬಹುದು. ಆದರೆ ಆ ಸುಳ್ಳನ್ನು ಕೇಳಲಾಗುತ್ತಿಲ್ಲ ಅನ್ನುವುದೂ ನಿಜ. ನಾಲ್ಕನೇ ಕಂತಿನಲ್ಲಿ ನಿಜ ಬೇಕು ಅಂತಿದ್ದರೆ ಆ ಕಾವಲುಗಾರನ ಸಾಲು ನೀನು ಹೇಳು.

ಅಮ್ಮ

ಮೇ 14

ಅಮ್ಮ,

ನಿನ್ನ ಪತ್ರವನ್ನು ಕಚೇರಿಯ ಮೆಟ್ಟಿಲ ಮೇಲೆ ನಿಂತೇ ಓದಿದೆ. ಇಷ್ಟು ನೋಡಿದ್ದೀಯ. ಕತ್ತಿನ ನರದವರೆಗೆ ನೋಡಿದ್ದೀಯ. ನೋಡಿಯೂ ಕಾಯಲಿಲ್ಲ. ನೀನು ಗಮನವೇ ಕೊಟ್ಟಿರಲಿಲ್ಲ ಅಂದುಕೊಂಡಾಗ ಸಿಟ್ಟು ಮಾಡಿಕೊಳ್ಳುವುದು ಸುಲಭ ಇತ್ತು.

ನನ್ನಿಂದಾಗದು ಅಂತ ಬರೆಯಲು ಕೂತಿದ್ದೆ. ಅಷ್ಟರಲ್ಲಿ ಆ ಹುಡುಗಿಯೇ ನನ್ನ ಟೇಬಲ್ ಹತ್ತಿರ ಬಂದಳು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಸಭಾಂಗಣದ ಸೀನ್ ನಾನು ಮಾಡಿದ್ರೆ ನಿಮ್ಮನ್ನ ಅಣಕಿಸಿದ ಹಾಗಾಗುತ್ತೆ. ಮನೇಲಿ ಅಭ್ಯಾಸ ಮಾಡ್ತಾ ಇದ್ದೆ, ನನ್ನ ತಮ್ಮ ನಗೋಕೆ ಶುರು ಮಾಡಿದ. ಅವನು ನಕ್ಕಿದ್ದು ನನಗಲ್ಲ ಅನ್ನಿಸ್ತು" ಅಂದಳು.

ನಾನೇ ಮಾಡುತ್ತೇನೆ. ನಾನು ಮೈಕಿನ ಆಚೆ ಕಡೆ ನಿಂತವಳೇ ಅಲ್ಲ. ಇಷ್ಟು ವರ್ಷ ಬೇರೆಯವರ ಮಾತಿಗೆ ಹೆಜ್ಜೆ ಸದ್ದು, ಮಳೆ ಸದ್ದು ಕೂಡಿಸಿಕೊಂಡು ಆರಾಮಾಗಿದ್ದೆ.

ಹೆದರಿಕೆ ಆಗುತ್ತಿದೆ. ಇದನ್ನು ನಿನಗೆ ಬರೆಯಬಾರದಿತ್ತು.

ಮಗಳು

ಜೂನ್ 2

ಅಮ್ಮ,

ನೀನು ಸಂಜೆ ಬಸ್ಸಿಗೆ ಹೊರಟುಹೋದೆ. ಅಲ್ಲೇ ಹೇಳಬೇಕಿತ್ತು, ಸಿಟ್ಟಿಗೆ ನನ್ನ ಬಾಯಿ ಕಟ್ಟಿಹೋಯಿತು. ಈಗ ಬರೆಯುತ್ತೇನೆ.

ಕೆಂಪು ದೀಪ ಹತ್ತಿತು. ನಾನು ಓಡಿ ಬಂದ ಹೆಜ್ಜೆ ಸದ್ದು ಆಯಿತು. ಬಾಯಿ ತೆರೆದೆ. ನಟನೆ ಮಾಡಬೇಕಾಗಿಯೇ ಬರಲಿಲ್ಲ, ನಿಜವಾಗಿಯೇ ತಡೆಯಿತು. ನಿನ್ನ ಸಾಲು ಬರಬೇಕಿತ್ತು. ಬರಲಿಲ್ಲ. ನೀನು ಎದುರಿನ ಮೈಕಿನ ಮುಂದೆ ಕಾಗದ ಹಿಡಿದು, ತುಟಿ ಬಿಗಿದು ನಿಂತಿದ್ದೆ. ನನ್ನನ್ನೇ ನೋಡುತ್ತಿದ್ದೆ. ಕಾಯುತ್ತಿದ್ದೆ. ಕೊನೆಗೆ ನನ್ನ ಮಾತು ಬಂತು, ಪೂರ್ತಿ ಬಂತು. ಗಾಜಿನ ಆಚೆ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿಕೊಂಡು, "ಸ್ಕ್ರಿಪ್ಟ್ ಹಾಳಾಗಿ ಹೋಗ್ಲಿ, ಇದನ್ನೇ ಇಟ್ಕೊಳ್ಳೋಣ. ತಾಯಿ ಅಂದ್ರೆ ಇದು!" ಅಂದರು.

ತಾಯಿ ಅಂದ್ರೆ ಇದು. ನೋಡು, ಮತ್ತೆ ಚಪ್ಪಾಳೆ ನಿನಗೇ ಹೋಯಿತು.

ಆವತ್ತು ನೀನು ಕಾಯಲಿಲ್ಲ. ನಡೆದದ್ದು ಅದು. ಅದನ್ನು ಈಗ ಅಳಿಸಿ, ಕಾದವಳು ಅನ್ನಿಸಿಕೊಂಡು ಬಸ್ಸು ಹತ್ತಿದರೆ, ವೇದಿಕೆ ಮೇಲೆ ಬಾಯಿ ತೆರೆದು ನಿಂತಿದ್ದ ಆ ಹುಡುಗಿ ಎಲ್ಲಿಗೆ ಹೋಗಬೇಕು? ಅವಳಿಗೆ ಏನೂ ಆಗಲೇ ಇಲ್ಲ ಅಂತ ಆಯಿತಲ್ಲ. ನನ್ನ ಮಾತನ್ನು ಮೊದಲು ಬಾಯಿಬಿಟ್ಟು ಕಿತ್ತುಕೊಂಡೆ, ಈಗ ಬಾಯಿ ಮುಚ್ಚಿಕೊಂಡು ಕಿತ್ತುಕೊಂಡೆ.

ಬಂದು ಮತ್ತೆ ಮಾಡು. ಬರೆದ ಹಾಗೆ ಮಾಡು.

ಮಗಳು

ಜೂನ್ 11

ಮಗಳಿಗೆ,

ಹೇಗೆ ಮಾಡಿದರೂ ನಿನ್ನ ಲೆಕ್ಕದಲ್ಲಿ ನಾನು ಕಳ್ಳಿಯೇ. ಮಾತಾಡಿದರೆ ತಪ್ಪು, ಸುಮ್ಮನಿದ್ದರೆ ದೊಡ್ಡ ತಪ್ಪು.

ನಿನ್ನ ಮುಖ ನೋಡುತ್ತಾ ಆ ಸಾಲು ಹೇಳಲು ಆಗಲಿಲ್ಲ. ಅಷ್ಟೇ ಆದದ್ದು. ಹೆಸರು ಮಾಡಿಕೊಳ್ಳಬೇಕು ಅಂತ ನಿಂತವಳಲ್ಲ. ಈ ವಯಸ್ಸಿಗೆ ನನಗೆ ಹೆಸರು ಯಾತಕ್ಕೆ? ನಿನ್ನ ಮಾತು ಬಂದಾಗ ಮೈಕಿನ ಕಂಬ ಹಿಡಿದುಕೊಂಡು ನಿಂತೆ. ಅದು ನಿನಗೆ ಕಾಣಿಸಲಿಲ್ಲ.

ನಾನು ಬರುವುದಿಲ್ಲ. ಬೇರೆ ಯಾರನ್ನಾದರೂ ಹಾಕಿಕೊ. ಊರೆಲ್ಲ ಕೇಳುವ ಹಾಗೆ ಮಗಳ ಬಾಯಿಯ ಮಾತು ಎರಡನೇ ಸಲ ಕಸಿಯಲು ನನ್ನಿಂದ ಆಗದು.

ಅಮ್ಮ

ಜುಲೈ 20

ಅಮ್ಮ,

ಪ್ರಸಾರದ ದಿನ ಗೊತ್ತಾಗಿದೆ. ಮುಖ್ಯಸ್ಥರು ನೀನು ಸುಮ್ಮನೆ ನಿಂತ ಟೇಕನ್ನೇ ಹಾಕುತ್ತಾರಂತೆ. ಹಾಕುವುದಾದರೆ ನನ್ನ ಹೆಸರು ತೆಗೆಯಿರಿ, ನಾಟಕ ನನ್ನದಲ್ಲ ಅಂದೆ. "ಹಟ ಮಾಡಬೇಡ, ನಿನ್ನ ಮೊದಲನೇ ದೊಡ್ಡ ಕೆಲಸ ಇದು, ಇನ್ನೊಂದು ಸಿಗೋದು ಯಾವಾಗಲೋ" ಅಂದರು. ಸಿಗದಿದ್ದರೆ ಬೇಡ ಅಂತ ಹೇಳಬೇಕೆಂದಿದ್ದೆ. ಅರ್ಧಕ್ಕೇ ತಡೆಯಿತು. ಅವರು ಪಾಪ, ಕಾದರು. ಹೇಳಿ ಮುಗಿಸಿಯೇ ಎದ್ದು ಬಂದೆ.

ನಿನ್ನನ್ನು ಒಪ್ಪಿಸಲು ಇದನ್ನು ಬರೆಯುತ್ತಿಲ್ಲ. ರೇಡಿಯೋ ಹಾಕಿದಾಗ ನನ್ನ ಹೆಸರು ಬರದಿದ್ದರೆ ಯಾಕೆ ಅಂತ ಗೊತ್ತಿರಲಿ ಅಂತ ತಿಳಿಸಿದೆ.

ಮಗಳು

ಜುಲೈ 29

ಮಗಳಿಗೆ,

ನಿಮ್ಮ ಮುಖ್ಯಸ್ಥರ ಹತ್ತಿರ ಮಾತಾಡಿದೆ. ಆ ಟೇಕಿನಲ್ಲಿ ನಾನು ಸಾಲು ತಪ್ಪಿದ್ದೇನೆ, ತಪ್ಪಿದ ಟೇಕ್ ಪ್ರಸಾರ ಮಾಡಲು ಒಪ್ಪಿಗೆ ಇಲ್ಲ ಅಂದೆ. "ಅಷ್ಟು ಚೆನ್ನಾಗಿ ಬಂದಿದೆಯಲ್ಲಮ್ಮಾ" ಅಂದರು. "ಚೆನ್ನಾಗಿ ಬಂದಿದೆ, ನಿಜ ಬಂದಿಲ್ಲ" ಅಂದೆ. ಬುಧವಾರ ಬೆಳಿಗ್ಗೆ ಸ್ಟುಡಿಯೋ ಕೊಟ್ಟಿದ್ದಾರೆ.

ಒಂದು ತಿದ್ದುಪಡಿ ಇದೆ, ಅದಕ್ಕೆ ನೀನು ಒಪ್ಪಬೇಕು. ನನ್ನ ಸಾಲಿನ ಪಕ್ಕ 'ಗಡುಸಾಗಿ' ಅಂತ ಬರೆದಿದ್ದೀಯ. ಅದು ತಪ್ಪು. ಆವತ್ತು ನಾನು ಅದನ್ನು ಗಡುಸಾಗಿ ಹೇಳಲಿಲ್ಲ. ಬಹಳ ಸೊಗಸಾಗಿ ಹೇಳಿದೆ. ನಿಂತ ಮಾತನ್ನು ಕೈಹಿಡಿದು ದಾಟಿಸುವ ಹಾಗೆ, ಎಲ್ಲಿ ಏರಬೇಕೋ ಅಲ್ಲಿ ಏರಿಸಿ, 'ಬರುತ್ತಿದೆ' ಅನ್ನುವುದನ್ನು ಸ್ವಲ್ಪ ಎಳೆದು. ಹೇಳುವಾಗ ನನಗೆ ಖುಷಿಯಾಯಿತು. ಗಡುಸಾಗಿ ಹೇಳಿದರೆ ಕೇಳುವವರಿಗೆ ಇವಳು ಕೆಟ್ಟವಳು ಅಂತ ಸುಲಭವಾಗಿ ಗೊತ್ತಾಗಿಬಿಡುತ್ತದೆ. ಸೊಗಸಾಗಿಯೇ ಹೇಳಬೇಕು. ಆಗ ಅವರೂ ಒಂದು ಕ್ಷಣ ಚಪ್ಪಾಳೆ ತಟ್ಟಬೇಕು ಅಂದುಕೊಳ್ಳುತ್ತಾರೆ.

ನಿನ್ನ ಕಡೆ ನೋಡದೆ ಹೇಳುತ್ತೇನೆ. ಆವತ್ತೂ ನೋಡಿರಲಿಲ್ಲ.

ಅಮ್ಮ

ಸೆಪ್ಟೆಂಬರ್ 9

ಮಗಳಿಗೆ,

ನಾಲ್ಕನೇ ಕಂತು ಕೇಳಿದೆ. ನಿನ್ನ ಹೆಸರು ಮೊದಲಿಗೇ ಬಂತು.

ಮಾರನೇ ದಿನ ಅಂಗಡಿಯವನು ತರಕಾರಿ ತೂಗುತ್ತಾ, "ರೇಡಿಯೋದಲ್ಲಿ ಎಂಥ ತಾಯಿನಮ್ಮಾ ಅದು, ಕೇಳಿ ನಮ್ಮ ಮನೆಯವಳು ಅತ್ತುಬಿಟ್ಟಳು" ಅಂದ. ನಾನೇ ಮಾಡಿದ್ದು ಅಂದೆ. "ಪಾತ್ರ ತಾನೇ, ಬಿಡಿ" ಅಂದ. ಪಾತ್ರ ಅಲ್ಲ ಅಂತ ಹೇಳಿ ಚೀಲ ತೆಗೆದುಕೊಂಡು ಬಂದೆ. ಅವನು ಇನ್ನೂ ಹಾಗೇ ನಿಂತಿದ್ದಾನೋ ಏನೋ. ಪಕ್ಕದ ಮನೆಯವಳು ಎರಡು ದಿನ ಮುಖ ತಿರುಗಿಸಿಕೊಂಡು ಓಡಾಡಿದಳು. ಇಂದು ಬಂದು, ತನ್ನ ಮಗ ಊಟಕ್ಕೆ ಕೂತಾಗ ತಾನು ಅವನ ಪರವಾಗಿ ಎಲ್ಲರಿಗೂ ಉತ್ತರ ಕೊಡುತ್ತೇನೆ ಅಂತ ಈಗ ಗೊತ್ತಾಯಿತು ಅಂದಳು. ಕಾಫಿ ಮಾಡಿ ಕೊಟ್ಟೆ, ಕುಡಿದು ಹೋದಳು.

ಒಂದು ವಿಷಯ ಕೇಳಬೇಕು. ನನ್ನ ಸಾಲು ಆದಮೇಲೆ ಚಪ್ಪಾಳೆ ಬರುತ್ತದೆ. ಆ ಚಪ್ಪಾಳೆಯ ಕೆಳಗೆ, ತೀರಾ ಕೆಳಗೆ, ಏನೋ ಇದೆ. ಮೊದಲು ಯಂತ್ರದ ಗೊರಗೊರ ಅಂದುಕೊಂಡೆ. ಕಿವಿ ಹಚ್ಚಿ ಕೇಳಿದೆ. ಕಾವಲುಗಾರ ಹುಡುಗಿಯ ದನಿ, ನಿನ್ನದೇ. "ಹಡಗು ಬರುತ್ತಿದೆ" ಅನ್ನುತ್ತಾಳೆ. ಸ್ಕ್ರಿಪ್ಟಿನಲ್ಲಿ ಅದು ಇರಲಿಲ್ಲ. ಆ ಬುಧವಾರ ನಾನು ಬಂದು ಮತ್ತೆ ಮಾಡಿದಾಗಲೂ ನೀನು ಅದನ್ನು ಹೇಳಿದ್ದು ನಾನು ಕೇಳಿಲ್ಲ. ನಾಟಕಕ್ಕೆ ಚೆಂದ ಅಂತ ಆಮೇಲೆ ಕೂಡಿಸಿದೆಯಾ?

ಅಮ್ಮ

ಸೆಪ್ಟೆಂಬರ್ 18

ಅಮ್ಮ,

ನಿನಗೆ ಕೇಳಿಸಿತಾ? ಮುಖ್ಯಸ್ಥರಿಗೆ ಕೇಳಿಸಿಲ್ಲ. ಸೌಂಡ್ ಎಂಜಿನಿಯರಿಗೆ ಮಾತ್ರ ಗೊತ್ತು, ನೀನು ಹೋದಮೇಲೆ ನಾವಿಬ್ಬರೇ ಕೂತು ಅದನ್ನು ಸೇರಿಸಿದೆವು. ಎಷ್ಟು ಕೆಳಗೆ ಇಡಬೇಕು ಅಂತ ಅವರು ಕೇಳಿದರು. ಯಾರಿಗೂ ಕೇಳಿಸದಷ್ಟು ಅಂದೆ.

ಚೆಂದಕ್ಕೆ ಹಾಕಿದ್ದಲ್ಲ. ಆವತ್ತು ನಾನು ಹೇಳಿದ್ದೆ. ನೀನು ಹಿಂದಕ್ಕೆ ತಿರುಗಿ ನಗುತ್ತಿದ್ದಾಗ ನನ್ನ ಮಾತು ಬಂತು. ಅರಸನ ವೇಷದ ಹುಡುಗಿಯ ಕಡೆ ನೋಡಿಕೊಂಡು ಕೊನೆಯವರೆಗೂ ಹೇಳಿದೆ. ಚಪ್ಪಾಳೆಯಲ್ಲಿ ಅವಳಿಗೂ ಕೇಳಿಸಲಿಲ್ಲ. ಆ ಹುಡುಗಿಗೆ ಒಂದು ಸಾಲೂ ಹೇಳಲಾಗಲಿಲ್ಲ ಅಂತ ಎಲ್ಲರೂ ತಿಳಿದರು. ನಿನ್ನ ಪಕ್ಕ ಕೂತಿದ್ದ ಅಪ್ಪ ಕೂಡ. ಹೇಳಿದ್ದೆ ಅಂತ ಹೇಳಿಕೊಳ್ಳಲು ಮತ್ತೆ ಬಾಯಿ ತೆರೆಯಬೇಕಿತ್ತು, ಆಗ ಅದಕ್ಕೆ ಮನಸ್ಸು ಬರಲಿಲ್ಲ.

ಈಗ ನಿನಗೆ ಗೊತ್ತಾಯಿತು. ಬೇರೆ ಯಾರಿಗೂ ಗೊತ್ತಾಗಬೇಕು ಅಂತ ಇಲ್ಲ.

ನಿನ್ನ ಮಗಳು

ಸೆಪ್ಟೆಂಬರ್ 25

ಮರಿ,

ಕಂತುಗಳು ಈಗ ಫೋನಿನಲ್ಲೂ ಸಿಗುತ್ತವೆ ಅಂತ ಪಕ್ಕದ ಮನೆಯವಳ ಮಗ ತೋರಿಸಿಕೊಟ್ಟ. ನಿನ್ನ ಕಾಗದ ಓದಿ ಮುಗಿಸಿ, ಕಿಟಕಿ ಹಾಕಿ, ನಾಲ್ಕನೇ ಕಂತು ಹಚ್ಚಿಕೊಂಡು ಕೂತೆ.

ನನ್ನ ದನಿ ಬಂತು. ಅದು ಮುಗಿಯಲಿ ಅಂತ ಕಾದೆ. ಚಪ್ಪಾಳೆ ಶುರುವಾಯಿತು. ಅಷ್ಟರಲ್ಲಿ ಪಕ್ಕದ ಮನೆಯವಳು ಪಾತ್ರೆ ವಾಪಸ್ಸು ಕೊಡಲು ಬಂದು ಬಾಗಿಲಲ್ಲೇ ಏನೋ ಹೇಳಲು ಹೊರಟಳು. ನಾನು ಕೈ ಎತ್ತಿ ತಡೆದೆ.

"ಸ್ವಲ್ಪ ಸುಮ್ನಿರು" ಅಂದೆ. "ನನ್ನ ಮಗಳು ಮಾತಾಡ್ತಾ ಇದ್ದಾಳೆ."

ಅಮ್ಮ